ಬಿದ್ದ ಎಂಟು ಪೆನ್ನು: ಸಮಾಜ ಮನೋವಿಜ್ಞಾನದ ಒಂದು ಪ್ರಯೋಗ ಕಟ್ಟುವ ಬಗೆ

"ಈಗೀಗ ಜನ ಯಾರಿಗೂ ಸಹಾಯ ಮಾಡಲ್ಲ." ಪದವಿ ತರಗತಿಯ ಪ್ರಾಜೆಕ್ಟುಗಳು ಬಹಳಷ್ಟು ಸಲ ಇಂಥದೊಂದು ಮಾತಿನಿಂದ ಶುರುವಾಗುತ್ತವೆ. ಇದು ಪ್ರಶ್ನೆಯಲ್ಲ, ಗೊಣಗಾಟ. ಯಾವ ಜನ, ಎಂಥ ಸಹಾಯ, ಯಾವುದಕ್ಕೆ ಹೋಲಿಸಿದರೆ ಕಡಿಮೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಗೊಣಗಾಟವನ್ನು ಎಣಿಸಲು ಬರುವ ಪ್ರಶ್ನೆಯಾಗಿ ತಿರುಗಿಸಿದರೆ ಅರ್ಧ ಕೆಲಸ ಮುಗಿದಂತೆ. ಎಣಿಕೆಯೊಳಗೆ ಬೇರೆ ಕಾರಣಗಳು ನುಸುಳದಂತೆ ಬಾಗಿಲು ಹಾಕುವುದು ಉಳಿದರ್ಧ. ಎರಡನ್ನೂ ಒಂದೇ ಉದಾಹರಣೆ ಹಿಡಿದು ನೋಡೋಣ: ಕಾಲೇಜಿನ ಕಾರಿಡಾರಿನಲ್ಲಿ ಕೈತಪ್ಪಿದಂತೆ ಪೆನ್ನು ಬೀಳಿಸಿ, ಎದುರು ಬರುವವರು ಎತ್ತಿಕೊಡುತ್ತಾರೆಯೇ ಎಂದು ಎಣಿಸುವುದು. ಬೇಕಾಗುವುದು ನಾಲ್ಕೈದು ಜನ, ಒಂದು ಫೈಲು, ಎಂಟು ಪೆನ್ನು, 88 ಲಕೋಟೆ, ಎರಡು ಮೂರು ವಾರ. ಪಾರಿಭಾಷಿಕ ಪದಗಳು ಕೆಲಸದ ನಡುವೆಯೇ ಬರುತ್ತವೆ. ಪಟ್ಟಿ ಮಾಡಿ ಬಾಯಿಪಾಠ ಮಾಡುವುದಕ್ಕಿಂತ ಹಾಗೆ ಕಲಿತರೆ ಹೆಚ್ಚು ದಿನ ನಿಲ್ಲುತ್ತವೆ.

ಪ್ರಶ್ನೆಯ ಬೇರು

1964ರ ಮಾರ್ಚ್ 13ರಂದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕಿಟ್ಟಿ ಜೆನೊವೀಸ್ ಎಂಬ ಯುವತಿಯ ಕೊಲೆಯಾಯಿತು. 38 ಜನ ನೋಡುತ್ತಾ ನಿಂತಿದ್ದರು ಎಂದು ಪತ್ರಿಕೆ ಬರೆಯಿತು. ಆ ಲೆಕ್ಕ ಉತ್ಪ್ರೇಕ್ಷೆ ಎಂದು ಆಮೇಲೆ ತಿಳಿದುಬಂತು. ಆದರೆ ಆ ಸುದ್ದಿಯಿಂದಲೇ ಸಮಾಜ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಒಂದು ಒಳ್ಳೆಯ ಪ್ರಶ್ನೆ ಹೆಕ್ಕಿದರು: ಜನ ಹೆಚ್ಚಿದಷ್ಟೂ ಒಬ್ಬೊಬ್ಬನೂ ಸಹಾಯಕ್ಕೆ ಮುಂದಾಗುವುದು ಕಡಿಮೆಯಾಗುತ್ತದೆಯೆ? 1968ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನು ಬೇರೆಬೇರೆ ಕೋಣೆಗಳಲ್ಲಿ ಕೂರಿಸಿ ಮೈಕಿನ ಮೂಲಕ ಮಾತಾಡಿಸಿದರು. ನಡುವೆ ಒಬ್ಬನಿಗೆ ಫಿಟ್ಸ್ ಬಂದಂತೆ ಧ್ವನಿ ಕೇಳಿಸಿತು. ಕೇಳಿಸಿಕೊಂಡವನು ತಾನೊಬ್ಬನೇ ಎಂದುಕೊಂಡಾಗ, ಆ ಧ್ವನಿ ನಿಲ್ಲುವ ಮೊದಲೇ ಎದ್ದುಬಂದವರು 85%. ಇನ್ನೊಬ್ಬನಿದ್ದಾನೆ ಎಂದುಕೊಂಡಾಗ 62%. ಇನ್ನೂ ನಾಲ್ವರಿದ್ದಾರೆ ಎಂದುಕೊಂಡಾಗ 31%. ಇದಕ್ಕೇ ಬೈಸ್ಟ್ಯಾಂಡರ್ ಪರಿಣಾಮ, ಅಂದರೆ ನೋಡುಗರ ಪರಿಣಾಮ ಎನ್ನುತ್ತಾರೆ.

ಇದಕ್ಕೆ ಮೂರು ವಿವರಣೆಗಳಿವೆ. ಮೊದಲನೆಯದು ಹೊಣೆ ಹಂಚಿಹೋಗುವುದು: "ನಾನಲ್ಲದಿದ್ದರೆ ಇನ್ಯಾರಾದರೂ." ಎರಡನೆಯದು, ಎಲ್ಲರೂ ಸುಮ್ಮನಿರುವುದನ್ನು ಕಂಡು "ಏನೂ ಆಗಿಲ್ಲವೇನೋ" ಎಂದು ಪ್ರತಿಯೊಬ್ಬನೂ ಅಂದುಕೊಳ್ಳುವುದು, ಇದಕ್ಕೆ ಬಹುಜನ ಅಜ್ಞಾನ ಎಂಬ ಹೆಸರಿದೆ. ಮೂರನೆಯದು ನಗೆಪಾಟಲಾಗುವ ಭಯ. ಡಾರ್ಲಿ, ಲಟಾನೆ ಬೇರೆಬೇರೆ ಕೋಣೆ ಬಳಸಿದ್ದರ ಜಾಣತನ ಇಲ್ಲಿದೆ. ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೆ ಎರಡನೆಯ ವಿವರಣೆಗೆ ಜಾಗವೇ ಇಲ್ಲ; ಫಲ ಬಂದರೆ ಅದು ಹೆಚ್ಚಾಗಿ ಮೊದಲನೆಯದರದ್ದು. ವಿನ್ಯಾಸ ಚೆನ್ನಾಗಿದ್ದರೆ ಒಂದು ವಿವರಣೆಯನ್ನಾದರೂ ಆಟದಿಂದ ಹೊರಗಿಡಬಲ್ಲದು.

ನಮ್ಮ ಪ್ರಯೋಗಕ್ಕೆ ಫಿಟ್ಸ್ ಬೇಡ. ಅಷ್ಟು ಗಾಬರಿ ಹುಟ್ಟಿಸುವ ಹಕ್ಕು ವಿದ್ಯಾರ್ಥಿ ಪ್ರಾಜೆಕ್ಟಿಗಿಲ್ಲ. ಲಟಾನೆ ಮತ್ತು ಡ್ಯಾಬ್ಸ್ 1975ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕಿಂತ ಹತ್ತಿರದ್ದು. ಕೊಲಂಬಸ್, ಸಿಯಾಟಲ್, ಅಟ್ಲಾಂಟಾ ನಗರಗಳ ಲಿಫ್ಟುಗಳಲ್ಲಿ ಪೆನ್ಸಿಲ್ಲನ್ನೋ ನಾಣ್ಯವನ್ನೋ ಕೈತಪ್ಪಿದಂತೆ ಬೀಳಿಸಿ ಯಾರು ಎತ್ತಿಕೊಡುತ್ತಾರೆ ಎಂದು ನೋಡಿದರು: 1,497 ಸಲ, 4,813 ಜನರ ಎದುರು.

ಅಳೆಯುವ ಮಾತಿಗೆ ಇಳಿಸುವುದು

"ಸಹಾಯ" ಎಂದರೇನು? ಬಗ್ಗಿ ಒಂದು ಪೆನ್ನು ಎತ್ತಿದರೂ ಸಹಾಯವೆ? "ಬಿತ್ತು ನೋಡಿ" ಎಂದು ಹೇಳಿ ಮುಂದೆ ಹೋದರೆ? ಇದನ್ನು ಮೊದಲೇ ಬರೆದಿಡುವುದಕ್ಕೆ ಕಾರ್ಯಾತ್ಮಕ ವ್ಯಾಖ್ಯೆ ಎನ್ನುತ್ತಾರೆ. ನಮ್ಮದು ಹೀಗಿರಲಿ: ಪೆನ್ನು ನೆಲ ಮುಟ್ಟಿದ 15 ಸೆಕೆಂಡಿನೊಳಗೆ ಎದುರಿಗಿರುವ ವ್ಯಕ್ತಿ ಕನಿಷ್ಠ ಒಂದು ಪೆನ್ನನ್ನು ಕೈಯಲ್ಲಿ ಎತ್ತಿದರೆ "ಹೌದು", ಉಳಿದದ್ದೆಲ್ಲ "ಇಲ್ಲ". ಬಾಯಿಮಾತಿನ ಸಹಾಯವನ್ನು ಪಕ್ಕದ ಕಾಲಮ್ಮಿನಲ್ಲಿ ಬರೆದುಕೊಳ್ಳಿ, ಆದರೆ ಲೆಕ್ಕಕ್ಕೆ ಬೆರೆಸಬೇಡಿ.

ನೀವು ಬೇಕೆಂದು ಬದಲಾಯಿಸುವುದು ಸ್ವತಂತ್ರ ಚಲಕ. ಅದರಿಂದ ಏನಾಯಿತೆಂದು ಅಳೆಯುವುದು ಅವಲಂಬಿತ ಚಲಕ. ಪುಸ್ತಕ ನೋಡಿದಂತೆ ಚರ, ಪರಿವರ್ತ್ಯ ಎಂಬ ಹೆಸರುಗಳೂ ಸಿಗುತ್ತವೆ. ಇಲ್ಲಿ ಸುತ್ತ ಜನವಿದ್ದಾರೆಯೇ ಎಂಬುದು ಮೊದಲನೆಯದು, ಪೆನ್ನು ಎತ್ತಿದರೇ ಎಂಬುದು ಎರಡನೆಯದು. ಪ್ರಾಕ್ಕಲ್ಪನೆ, ಅಂದರೆ ನೀವು ಪರೀಕ್ಷಿಸಲು ಹೊರಟ ಊಹೆ, ಒಂದೇ ವಾಕ್ಯದಲ್ಲಿರಲಿ, ಸುಳ್ಳಾಗಲು ಅದರಲ್ಲಿ ಜಾಗವಿರಲಿ: "ಪಕ್ಕದಲ್ಲಿ ಸುಮ್ಮನೆ ನಿಂತ ಇಬ್ಬರಿದ್ದಾಗ, ಒಬ್ಬರೇ ಇದ್ದಾಗಿಗಿಂತ ಪೆನ್ನು ಎತ್ತುವವರ ಪ್ರಮಾಣ ಕಡಿಮೆ."

ಕೇಳಿದರೆ ಸಾಲದೆ?

"ಇದಕ್ಕೆಲ್ಲ ಇಷ್ಟು ಪಾಡು ಯಾಕೆ, ಗೂಗಲ್ ಫಾರ್ಮ್ ಕಳಿಸಿದರಾಯಿತು" ಎನ್ನುವವರಿದ್ದಾರೆ. ಅವರಿಗೆ ಸಮಾಜಶಾಸ್ತ್ರಜ್ಞ ಲಪಿಯರ್ 1934ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಬೇಕು. ಅವರು ಒಂದು ಚೀನೀ ದಂಪತಿಯೊಡನೆ ಅಮೆರಿಕ ಸುತ್ತಿ 251 ಹೋಟೆಲು, ಊಟದ ಮನೆಗಳಿಗೆ ಹೋದರು. ಒಳಗೆ ಬಿಡದಿದ್ದದ್ದು ಒಂದೇ ಕಡೆ. ಆಮೇಲೆ ಅದೇ ಜಾಗಗಳಿಗೆ "ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ" ಎಂದು ಪತ್ರ ಬರೆದರೆ, ಉತ್ತರಿಸಿದವರಲ್ಲಿ 90%ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ಆ ಅಧ್ಯಯನದಲ್ಲೂ ತೂತುಗಳಿವೆ. ಬಾಗಿಲಲ್ಲಿ ಬರಮಾಡಿಕೊಂಡವನೂ ಪತ್ರಕ್ಕೆ ಉತ್ತರ ಬರೆದವನೂ ಒಬ್ಬನೇ ಎಂದು ಹೇಳುವಂತಿಲ್ಲ. ಆದರೂ ಮನೋಭಾವ ಒಂದು, ವರ್ತನೆ ಇನ್ನೊಂದು ಎಂಬುದಕ್ಕೆ ಈಗಲೂ ಅದನ್ನೇ ಉದಾಹರಿಸುತ್ತಾರೆ. ಸಹಾಯದ ವಿಷಯದಲ್ಲಿ ಉತ್ತರ ವಾಲುವುದು ಲಪಿಯರ್ ಕಂಡದ್ದಕ್ಕೆ ಎದುರು ದಿಕ್ಕಿಗೆ. "ಬಿದ್ದ ವಸ್ತು ಎತ್ತಿಕೊಡುತ್ತೀರಾ" ಎಂದು ಕೇಳಿದರೆ ಇಲ್ಲ ಎನ್ನುವವರು ಯಾರು? ಒಳ್ಳೆಯವರಾಗಿ ಕಾಣುವ ಆಸೆಯಿಂದ ಉತ್ತರ ಹೀಗೆ ಬಾಗುವುದಕ್ಕೆ ಸಾಮಾಜಿಕ ಅಪೇಕ್ಷಣೀಯತೆಯ ಓಲುವೆ ಎಂದು ಹೆಸರು.

ಬರೀ ಕಾರಿಡಾರಿನಲ್ಲಿ ನಿಂತು, ಒಂಟಿಯಾಗಿ ಬಂದವರೆಷ್ಟು ಎತ್ತಿದರು, ಗುಂಪಾಗಿ ಬಂದವರೆಷ್ಟು ಎತ್ತಿದರು ಎಂದು ಎಣಿಸುವುದೂ ಸಾಲದು. ಹೆಚ್ಚಿನವರು ಎಡವುವುದು ಇಲ್ಲೇ. ಒಂಟಿಯಾಗಿ ನಡೆಯುವವರೂ ಗುಂಪಿನಲ್ಲಿ ಹರಟುತ್ತ ಬರುವವರೂ ಬೇರೆ ಬಗೆಯ ಜನವಿರಬಹುದು. ಮಾತಿನ ಭರದಲ್ಲಿ ಪೆನ್ನು ಬಿದ್ದದ್ದೇ ಕಂಡಿರಲಿಕ್ಕಿಲ್ಲ. ಗುಂಪು ಊಟಕ್ಕೆ ಹೊರಟಿರಬಹುದು, ಒಂಟಿಯವನು ಲೈಬ್ರರಿಗೆ. ಹೀಗೆ ಚಲಕದ ಜೊತೆಗೇ ಹೆಣೆದುಕೊಂಡು ಬರುವ ಬೇರೆ ಕಾರಣಕ್ಕೆ ಗೊಂದಲಕಾರಿ ಚಲಕ ಎನ್ನುತ್ತಾರೆ. ಅವಸರ ಎಂಬ ಒಂದೇ ಕಾರಣ ಎಷ್ಟು ಎಳೆಯಬಲ್ಲದು ಎಂಬುದನ್ನು ಡಾರ್ಲಿ ಮತ್ತು ಬ್ಯಾಟ್ಸನ್ 1973ರಲ್ಲಿ ಪ್ರಿನ್ಸ್‌ಟನ್‌ನ ಧರ್ಮಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ತೋರಿಸಿದ್ದಾರೆ. ಅವಸರವಿಲ್ಲದವರಲ್ಲಿ 63% ಜನ ದಾರಿಯಲ್ಲಿ ಕುಸಿದವನಿಗೆ ನೆರವಾದರು. ತೀರಾ ಅವಸರದಲ್ಲಿದ್ದವರಲ್ಲಿ 10% ಮಾತ್ರ.

ನಾಣ್ಯದ ಕೆಲಸ

ಪರಿಹಾರ ಸರಳ. ಯಾವಾಗಲೂ ಒಂಟಿಯಾಗಿ ಬರುವವರನ್ನೇ ಆರಿಸಿ. ಅವರ ಸುತ್ತ ಜನವಿರಬೇಕೋ ಬೇಡವೋ ಎಂಬುದನ್ನು ನಾಣ್ಯ ತೀರ್ಮಾನಿಸಲಿ. ನಿಮ್ಮ ತಂಡದ ಇಬ್ಬರು, ಅಂದರೆ ಸಹಚರರು, ಕಾರಿಡಾರಿನ ಗೋಡೆಗೆ ಒರಗಿ ನಿಂತಿರುತ್ತಾರೆ ಅಥವಾ ಇರುವುದಿಲ್ಲ. ಪೆನ್ನು ಬಿದ್ದಾಗ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತಮ್ಮ ನೋಟ್ಸಿಗೆ ಮರಳುತ್ತಾರೆ. ಇದು ಯಾದೃಚ್ಛಿಕ ಹಂಚಿಕೆ. ಅವಸರದವನು, ಆರಾಮದವನು, ಸಂಕೋಚದವನು ಎಲ್ಲರೂ ಎರಡೂ ಕಡೆಗೆ ಸುಮಾರು ಸಮವಾಗಿ ಬೀಳುತ್ತಾರೆ, ನಿಮಗೆ ಗೊತ್ತೇ ಇಲ್ಲದ ಕಾರಣಗಳೂ ಸೇರಿ. ಯಾದೃಚ್ಛಿಕ ಮಾದರಿ ಎಂಬುದು ಬೇರೆ: ಇಡೀ ಸಮುದಾಯದಿಂದ ಚೀಟಿ ಎತ್ತಿದಂತೆ ಜನರನ್ನು ಆರಿಸುವುದು. ಮೊದಲನೆಯದು "ಇದರಿಂದಲೇ ಅದಾಯಿತು" ಎನ್ನಲು ಬೇಕು, ಅದು ಆಂತರಿಕ ಸಿಂಧುತ್ವ. ಎರಡನೆಯದು "ಎಲ್ಲರಲ್ಲೂ ಹೀಗೇ" ಎನ್ನಲು ಬೇಕು, ಅದು ಬಾಹ್ಯ ಸಿಂಧುತ್ವ. ವೈವಾದಲ್ಲಿ ಇವೆರಡನ್ನು ಕಲಸುಮೇಲೋಗರ ಮಾಡುವವರೇ ಹೆಚ್ಚು.

ನಾಣ್ಯವನ್ನು ಸ್ಥಳದಲ್ಲೇ ಚಿಮ್ಮಬೇಡಿ. ದಿನದ ಕೊನೆಗೆ ಒಂದು ಕಡೆ 14, ಇನ್ನೊಂದು ಕಡೆ 6 ಆಗಿರುತ್ತದೆ. ಆಗ ಸರಿಮಾಡುವ ಆಸೆ ಹುಟ್ಟುತ್ತದೆ. ಹಿಂದಿನ ರಾತ್ರಿಯೇ ನಾಲ್ಕು ನಾಲ್ಕರ ಕಂತುಗಳಲ್ಲಿ, ಪ್ರತಿ ಕಂತಿನಲ್ಲಿ ಎರಡು "ಒಂಟಿ" ಎರಡು "ಸಹಚರ" ಬರುವಂತೆ ಚೀಟಿ ಕಲಸಿ, ಕ್ರಮಸಂಖ್ಯೆ ಬರೆದ ಲಕೋಟೆಗಳಲ್ಲಿ ಹಾಕಿ ಅಂಟಿಸಿ.

ಎಷ್ಟು ಜನ ಬೇಕು? "ಮೂವತ್ತು ಸಾಕು" ಎಂಬ ಮಾತು ಯಾವ ಲೆಕ್ಕದಿಂದಲೂ ಬಂದದ್ದಲ್ಲ. ಒಂದು ಸ್ಥಿತಿಯಲ್ಲಿ 65%, ಇನ್ನೊಂದರಲ್ಲಿ 35% ಎತ್ತುತ್ತಾರೆಂದು ಎಣಿಸಿದರೆ, ಆ ಅಂತರ ನಿಜವಾಗಿಯೂ ಇದ್ದಾಗ ಹತ್ತರಲ್ಲಿ ಎಂಟು ಸಲ ಅದನ್ನು ಹಿಡಿಯಲು ಪ್ರತಿ ಸ್ಥಿತಿಗೆ ಸುಮಾರು 43 ಜನ ಬೇಕು. ಈ ಹತ್ತರಲ್ಲಿ ಎಂಟಕ್ಕೇ ಪವರ್ ಎನ್ನುವುದು. ಅಂತರ 50% ಮತ್ತು 35% ಅಷ್ಟೇ ಇದ್ದರೆ ಪ್ರತಿ ಸ್ಥಿತಿಗೆ ಸುಮಾರು 170 ಬೇಕು. ಅಂತರ ಅರ್ಧವಾದರೆ ಜನ ನಾಲ್ಕು ಪಟ್ಟು ಎಂದು ನೆನಪಿಟ್ಟುಕೊಳ್ಳಿ. ನಾಲ್ಕರ ಕಂತಿಗೆ ಹೊಂದುವಂತೆ ನಾವು 44 ಮತ್ತು 44, ಒಟ್ಟು 88 ಸುತ್ತು ಇಟ್ಟುಕೊಳ್ಳೋಣ.

ಸುತ್ತು ನಡೆಸುವುದು

ಜಾಗ: ಎರಡು ಮೀಟರಿಗಿಂತ ಅಗಲವಿಲ್ಲದ ಕಾರಿಡಾರು. ಅಗಲವಿದ್ದರೆ ಜನ ಸುತ್ತಿಕೊಂಡು ಹೋಗುತ್ತಾರೆ, "ಕಾಣಲಿಲ್ಲ" ಎಂಬ ನೆಪಕ್ಕೆ ಎಡೆಯಾಗುತ್ತದೆ. ಹೊತ್ತು: ಬೆಲ್ ಹೊಡೆದ ಆಚೀಚೆಯ ಹತ್ತು ನಿಮಿಷ ಬಿಡಿ, ಪರೀಕ್ಷೆಯ ವಾರವನ್ನು ಪೂರ್ತಿ ಬಿಡಿ.

ಪೆನ್ನು ಬೀಳಿಸುವವರು ಎಲ್ಲ 88 ಸುತ್ತಿಗೂ ಒಬ್ಬರೇ ಇರಲಿ. ಹುಡುಗಿ ಬೀಳಿಸಿದಾಗ ಎತ್ತುವವರ ಪ್ರಮಾಣವೂ ಹುಡುಗ ಬೀಳಿಸಿದಾಗಿನದೂ ಬೇರೆ. ಲಟಾನೆ, ಡ್ಯಾಬ್ಸ್ ಇದನ್ನು ಕಂಡಿದ್ದರು, ಅದರಲ್ಲೂ ಅಟ್ಲಾಂಟಾದಲ್ಲಿ ಎದ್ದುಕಾಣುವಂತೆ. ಫೈಲನ್ನು ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿದು, ಪೆನ್ನುಗಳನ್ನು ಅದರ ಮೇಲೆ ಅಡ್ಡ ಇಟ್ಟುಕೊಂಡು ನಡೆಯಬೇಕು. ಎದುರಿನವರು ಸುಮಾರು ಮೂರು ಮೀಟರ್ ದೂರ ಇರುವಾಗ ಫೈಲನ್ನು ಸ್ವಲ್ಪ ಮುಂದಕ್ಕೆ ಓರೆ ಮಾಡಿ. ಕ್ಯಾಪ್ ಇರುವ ಪ್ಲಾಸ್ಟಿಕ್ ಪೆನ್ನೇ ಬೇಕು, ಸದ್ದು ಬರುತ್ತದೆ. ಬಿದ್ದ ಮೇಲೆ "ಅಯ್ಯೋ" ಎನ್ನುವುದಿದ್ದರೆ ಪ್ರತಿ ಸಲವೂ ಅನ್ನಿ, ಇಲ್ಲದಿದ್ದರೆ ಒಂದು ಸಲವೂ ಬೇಡ. ಐದು ಸೆಕೆಂಡಿಗೆ ಒಂದು ಪೆನ್ನಿನಂತೆ ನಿಧಾನವಾಗಿ ಹೆಕ್ಕಿ. ಸರಸರನೆ ಹೆಕ್ಕಿದರೆ ಎತ್ತಿಕೊಡಲು ಏನೂ ಉಳಿಯುವುದಿಲ್ಲ. ಎದುರಿನವರ ಕಣ್ಣು ನೋಡಬೇಡಿ. ಕಣ್ಣು ಕೂಡಿದರೆ ಅದು ಬೇಡಿಕೆಯೇ ಆಗಿಬಿಡುತ್ತದೆ.

ಕಣ್ಣಿನ ಮಾತು ಬಂದದ್ದರಿಂದ ಇಲ್ಲಿ ಎರಡು ಪದ. ಪ್ರಯೋಗ ನಡೆಸುವವರಿಗೆ ಬೇಕಾದ ಫಲದ ಕಡೆಗೆ ಅವರ ನಡೆ ತಾನಾಗಿ ವಾಲುವುದು ಪ್ರಯೋಗಕರ್ತರ ನಿರೀಕ್ಷೆಯ ಪರಿಣಾಮ. ಭಾಗವಹಿಸುವವರು "ಇವರಿಗೆ ಇದು ಬೇಕಿದೆ" ಎಂದು ಊಹಿಸಿ ಅದರಂತೆ ನಡೆದುಕೊಳ್ಳುವುದಕ್ಕೆ ಮಾರ್ಟಿನ್ ಓರ್ನ್ 1962ರಲ್ಲಿ ಡಿಮಾಂಡ್ ಕ್ಯಾರೆಕ್ಟರಿಸ್ಟಿಕ್ಸ್ ಎಂದರು; ಸನ್ನಿವೇಶವೇ ಕೊಡುವ ಸುಳಿವು ಎನ್ನಬಹುದು. ಎರಡನೆಯದು ಕಾರಿಡಾರಿನಲ್ಲಿ ಕಡಿಮೆ, ಪ್ರಯೋಗವೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲನೆಯದು ಇದ್ದೇ ಇದೆ. ಬೀಳಿಸುವವರಿಗೆ ಸಹಚರರು ಕಾಣುವುದರಿಂದ ಅವರನ್ನು ಪೂರ್ತಿ ಕತ್ತಲಲ್ಲಿಡುವುದು ಆಗದ ಮಾತು. ಪ್ರಾಕ್ಕಲ್ಪನೆಯನ್ನಾದರೂ ಅವರಿಗೆ ಹೇಳಬೇಡಿ. ಬೇರೆ ತರಗತಿಯ ಗೆಳೆಯರೊಬ್ಬರನ್ನು ಕರೆದುಕೊಂಡರೆ ಸುಲಭ.

ದೂರದ ಬೆಂಚಿನಿಂದ ದಾಖಲಿಸುವವರೊಬ್ಬರು. ಮೊದಲ 20 ಸುತ್ತಿಗೆ ಇಬ್ಬರು ಕೂತು ಬೇರೆಬೇರೆಯಾಗಿ ಬರೆಯಲಿ. ಇಬ್ಬರೂ "ಹೌದು" ಎಂದದ್ದು 10, ಇಬ್ಬರೂ "ಇಲ್ಲ" ಎಂದದ್ದು 8, ಭಿನ್ನವಾದದ್ದು ಒಬ್ಬೊಬ್ಬರದು ಒಂದರಂತೆ 2 ಎಂದುಕೊಳ್ಳಿ. ಹೊಂದಿಕೆ 90%. ಆದರೆ ಕಣ್ಣು ಮುಚ್ಚಿ ಬರೆದರೂ ಸ್ವಲ್ಪ ಹೊಂದಿಕೆ ಆಕಸ್ಮಿಕವಾಗಿ ಬರುತ್ತದೆ. ಇಲ್ಲಿ ಅದು 0.55ರ ವರ್ಗ ಮತ್ತು 0.45ರ ವರ್ಗದ ಮೊತ್ತ, 0.505. ಅದನ್ನು ಕಳೆದರೆ (0.90 − 0.505) ÷ (1 − 0.505) = 0.80. ಇದು ಕೋಹೆನ್ ಅವರ ಕಪ್ಪಾ, ದಾಖಲಿಸುವವರ ನಡುವಿನ ವಿಶ್ವಾಸಾರ್ಹತೆ. 0.80 ಚೆನ್ನಾಗಿದೆ. 0.60ಕ್ಕಿಂತ ಕೆಳಗಿದ್ದರೆ ದೋಷ ಬರೆಯುವವರದ್ದಲ್ಲ, ನಿಮ್ಮ ವ್ಯಾಖ್ಯೆಯದ್ದು. "ಕಾಲಿನಿಂದ ಪೆನ್ನು ತಳ್ಳಿಕೊಟ್ಟರೆ?" ಎಂಬಂಥ ಪ್ರಶ್ನೆಗಳು ಆಗಲೇ ಏಳುತ್ತವೆ. ಆದ್ದರಿಂದ ಅಸಲಿ ಸುತ್ತುಗಳಿಗೆ ಮೊದಲು ಏಳೆಂಟು ಪೂರ್ವಪರೀಕ್ಷೆ ಮಾಡಿ, ಅವುಗಳ ಫಲ ಎಸೆದುಬಿಡಿ.

ಸಹಚರರ ಮುಖ ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಗೊತ್ತಿದ್ದರೆ ಕೆಲಸ ಕೆಟ್ಟಿತು. ದಾರಿಹೋಕರು "ಏನೋ, ಇಲ್ಲಿ?" ಎಂದು ಮಾತಿಗೆ ನಿಂತರೆ ಆ ಸುತ್ತು ಬಿಡಬೇಕಾಗುತ್ತದೆ. ಬೇರೆ ವಿಭಾಗದ ಕಟ್ಟಡ ಆರಿಸಿ.

ಒಪ್ಪಿಗೆ

ಇಲ್ಲಿ ಮೊದಲೇ ಒಪ್ಪಿಗೆ ಕೇಳಿದರೆ ಪ್ರಯೋಗವೇ ಉಳಿಯುವುದಿಲ್ಲ. ಹಾಗೆಂದು ನಿಮ್ಮಷ್ಟಕ್ಕೆ ನೀವೇ ವಿನಾಯಿತಿ ಕೊಟ್ಟುಕೊಳ್ಳುವಂತಿಲ್ಲ. ಯೋಜನೆಯನ್ನು ಎರಡು ಪುಟದಲ್ಲಿ ಬರೆದು ಮಾರ್ಗದರ್ಶಕರಿಗೂ ಸಂಸ್ಥೆಯ ನೈತಿಕ ಸಮಿತಿಗೂ ಕೊಟ್ಟು ಬರಹದಲ್ಲಿ ಅನುಮತಿ ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಸಾಮಾಜಿಕ, ವರ್ತನಾ ಸಂಶೋಧನೆಗೆ ಪ್ರತ್ಯೇಕ ಭಾಗವಿದೆ, ಓದಿಕೊಳ್ಳಿ. ಹೆಸರು ಬರೆಯಬೇಡಿ, ವಿಡಿಯೋ ಬೇಡವೇ ಬೇಡ. ಪಿಯು ಕಾಲೇಜಿನ ಆವರಣ ಬೇಡ. 18 ತುಂಬದವರಿದ್ದರೆ ತಂದೆತಾಯಿಯ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ಸುತ್ತು ಮುಗಿದ ಕೂಡಲೇ ತಂಡದ ಒಬ್ಬರು ಹತ್ತಿರ ಹೋಗಿ ವಿವರಿಸಬೇಕು. ಇದು ಡಿಬ್ರೀಫಿಂಗ್. ಮಾತು ಹೀಗಿರಲಿ:

"ನಮಸ್ಕಾರ, ನಾವು ಸೈಕಾಲಜಿ ವಿದ್ಯಾರ್ಥಿಗಳು. ಆ ಪೆನ್ನು ಬೇಕೂಂತ್ಲೇ ಬೀಳಿಸಿದ್ದು, ಅಕ್ಕಪಕ್ಕ ಜನ ಇದ್ದಾಗ ಏನು ವ್ಯತ್ಯಾಸ ಆಗುತ್ತೆ ಅಂತ ನೋಡೋಕೆ. ನಿಮ್ಮ ಹೆಸರು ಎಲ್ಲೂ ಬರೆದಿಲ್ಲ. ನಿಮ್ಮ ಸುತ್ತನ್ನ ಲೆಕ್ಕಕ್ಕೆ ಸೇರಿಸೋದು ಬೇಡ ಅಂದ್ರೆ ಹೇಳಿ, ಈಗಲೇ ತೆಗೀತೀವಿ. ಎತ್ತಿದ್ದೂ ಎತ್ತದೇ ಇದ್ದದ್ದೂ ಎರಡೂ ಸಾಮಾನ್ಯವೇ."

ಕೊನೆಯ ವಾಕ್ಯ ಬಿಡಬೇಡಿ. ಎತ್ತದವರ ಮುಖ ಸಪ್ಪಗಾಗುವುದು ಅದಿಲ್ಲದಿದ್ದಾಗ. ಸ್ಟ್ಯಾನ್ಲಿ ಮಿಲ್‌ಗ್ರಾಮ್ 1963ರಲ್ಲಿ ಪ್ರಕಟಿಸಿದ ವಿಧೇಯತೆಯ ಪ್ರಯೋಗದಲ್ಲಿ, ಇನ್ನೊಬ್ಬನಿಗೆ ವಿದ್ಯುತ್ ಶಾಕ್ (ಅಸಲಿಯಲ್ಲದ್ದು, ಅದು ಅವರಿಗೆ ಗೊತ್ತಿರಲಿಲ್ಲ) ಕೊಡಲು ಹೇಳಿದಾಗ 40ರಲ್ಲಿ 26 ಜನ 450 ವೋಲ್ಟಿನ ಸ್ವಿಚ್ಚಿನವರೆಗೂ ಹೋದದ್ದು ಎಲ್ಲರ ಬಾಯಲ್ಲಿದೆ. ತಮ್ಮ ಬಗ್ಗೆ ತಮಗೇ ಹೀಗೆ ತಿಳಿದದ್ದು ಅವರನ್ನು ಎಷ್ಟು ಕಲಕಿತು ಎಂಬ ತಕರಾರನ್ನು ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ ಮರುವರ್ಷವೇ ಎತ್ತಿದ್ದರು.

ಲೆಕ್ಕ

ಕಲ್ಪಿತ ಅಂಕಿಗಳಿಂದ ನೋಡೋಣ. ಒಂಟಿಯಾಗಿದ್ದ 44ರಲ್ಲಿ ಎತ್ತಿದವರು 29, ಸಹಚರರಿದ್ದ 44ರಲ್ಲಿ 16. ಒಟ್ಟು ಎತ್ತಿದವರು 45, ಎತ್ತದವರು 43. ಸಹಚರರಿಂದ ವ್ಯತ್ಯಾಸವೇ ಆಗದಿದ್ದರೆ ಪ್ರತಿ ಸ್ಥಿತಿಯಲ್ಲೂ 22.5 ಎತ್ತಿ 21.5 ಬಿಡಬೇಕಿತ್ತು. ನಾಲ್ಕೂ ಮನೆಗಳಲ್ಲಿ ಅಂತರ 6.5, ಅದರ ವರ್ಗ 42.25. ಅದನ್ನು 22.5ರಿಂದ ಎರಡು ಸಲ, 21.5ರಿಂದ ಎರಡು ಸಲ ಭಾಗಿಸಿ ಕೂಡಿಸಿದರೆ ಕೈ-ವರ್ಗ (ಇಂಗ್ಲಿಷಿನ chi-square, ಕಂಡ ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಎಂಬ ಅಳತೆ) 7.69. ಒಂದು ಸ್ವಾತಂತ್ರ್ಯ ಮಟ್ಟಕ್ಕೆ (ಎರಡು ಸಾಲು, ಎರಡು ಕಾಲಮ್ಮಿನ ಕೋಷ್ಟಕಕ್ಕೆ ಅದು ಒಂದೇ) 5%ರ ಗಡಿ 3.84, 1%ರ ಗಡಿ 6.63. ಎರಡನ್ನೂ ದಾಟಿದೆ.

ಇದರ ಅರ್ಥ "ಪ್ರಾಕ್ಕಲ್ಪನೆ ನಿಜವಾಗಿರುವ ಸಾಧ್ಯತೆ 99%" ಎಂದಲ್ಲ. ವ್ಯತ್ಯಾಸವೇ ಇಲ್ಲದ ಲೋಕದಲ್ಲಿ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವುದು ನೂರರಲ್ಲಿ ಒಂದಕ್ಕಿಂತ ಕಡಿಮೆ, ಅಷ್ಟೇ. ಇದರ ಪಕ್ಕದಲ್ಲಿ ಪರಿಣಾಮದ ಗಾತ್ರವನ್ನೂ ಬರೆಯಿರಿ: 66% ಮತ್ತು 36%, ನಡುವೆ 30 ಅಂಶಗಳ ಅಂತರ, ಅದರ 95% ವಿಶ್ವಾಸಾಂತರ, ಅಂದರೆ ನಿಜವಾದ ಅಂತರ ಇರಬಹುದಾದ ವ್ಯಾಪ್ತಿ, ಸುಮಾರು 10ರಿಂದ 50. 88 ಸುತ್ತು ನಡೆಸಿದ ಮೇಲೂ ನಮ್ಮ ಅಂದಾಜು ಇಷ್ಟು ಅಗಲವಾಗಿದೆ ಎಂಬುದನ್ನು ಮುಚ್ಚಿಡಬೇಡಿ.

ಇಲ್ಲೊಂದು ಬಲೆಯಿದೆ. ಸಹಚರರಿಗೆ ಬದಲಾಗಿ ನಿಜವಾದ ಮೂವರು ಅಪರಿಚಿತರ ಗುಂಪನ್ನೇ ಬಳಸಿ "ಯಾರಾದರೂ ಒಬ್ಬರು ಎತ್ತಿದರೇ" ಎಂದು ನೋಡಿದಿರಿ ಎನ್ನಿ. ಆಗ ಒಂಟಿಯವರ ಪ್ರಮಾಣಕ್ಕೆ ಅದನ್ನು ನೇರ ಹೋಲಿಸುವಂತಿಲ್ಲ, ಮೂವರಿದ್ದರೆ ಅವಕಾಶವೇ ಮೂರು. ಲಟಾನೆ ಮತ್ತು ಡಾರ್ಲಿ 1968ರ ಹೊಗೆಯ ಪ್ರಯೋಗದಲ್ಲಿ ಇದನ್ನು ಸರಿಯಾಗಿ ಲೆಕ್ಕ ಹಾಕಿದ್ದರು. ಕೋಣೆಗೆ ಹೊಗೆ ನುಗ್ಗಿದಾಗ ಒಂಟಿಯಾಗಿದ್ದವರಲ್ಲಿ 75% ಹೋಗಿ ಹೇಳಿದರು. ಮೂವರೂ ಹಾಗೆಯೇ ಸ್ವತಂತ್ರವಾಗಿ ನಡೆದುಕೊಂಡಿದ್ದರೆ ಯಾರೂ ಹೇಳದಿರುವ ಸಾಧ್ಯತೆ 0.25 × 0.25 × 0.25, ಅಂದರೆ 2%ಕ್ಕೂ ಕಡಿಮೆ. 98% ಗುಂಪುಗಳಿಂದ ಸುದ್ದಿ ಬರಬೇಕಿತ್ತು. ಬಂದದ್ದು 38% ಗುಂಪುಗಳಿಂದ. ಹೋಲಿಸಬೇಕಾದದ್ದು 38ನ್ನು 98ಕ್ಕೆ, 75ಕ್ಕಲ್ಲ.

ಇನ್ನು, 60 ಸುತ್ತಾದಾಗ ಇಣುಕಿ ನೋಡಿ "ಗಡಿ ದಾಟಿತು, ನಿಲ್ಲಿಸೋಣ" ಎನ್ನುವುದು. ಹುಡುಗರನ್ನು ಬಿಟ್ಟು ನೋಡುವುದು. 15 ಸೆಕೆಂಡನ್ನು 10 ಮಾಡಿ ನೋಡುವುದು. ಇದನ್ನು ಪಿ-ಹ್ಯಾಕಿಂಗ್ ಎನ್ನುತ್ತಾರೆ. ಸಿಮನ್ಸ್, ನೆಲ್ಸನ್, ಸಿಮನ್ಸನ್ 2011ರಲ್ಲಿ ತೋರಿಸಿದಂತೆ ಇಂಥ ನಾಲ್ಕು ಸಡಿಲಿಕೆ ಒಟ್ಟಾದರೆ 5% ಇರಬೇಕಾದ ಸುಳ್ಳು ಫಲ 61%ಕ್ಕೆ ಏರುತ್ತದೆ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರುಪ್ರಯೋಗ ಮಾಡಿದಾಗ ಗಡಿ ದಾಟಿದವು 36% ಮಾತ್ರ. ಅದಕ್ಕೇ ಸುತ್ತುಗಳ ಸಂಖ್ಯೆ, ವ್ಯಾಖ್ಯೆ, ಲೆಕ್ಕದ ಬಗೆ ಮೂರನ್ನೂ ಮೊದಲ ಪೆನ್ನು ಬೀಳುವ ಮುನ್ನವೇ ಬರೆದು, ದಿನಾಂಕ ಹಾಕಿ, ಮಾರ್ಗದರ್ಶಕರಿಗೆ ಇಮೇಲ್ ಕಳಿಸಿಡಿ.

ಪ್ರಶ್ನಾವಳಿಯನ್ನೂ ಸೇರಿಸುವುದಾದರೆ

ಇಂಗ್ಲಿಷಿನ ಅಳತೆಪಟ್ಟಿಯನ್ನು ಕನ್ನಡಕ್ಕೆ ತರುವಾಗ ವ್ಯಾಕರಣಕ್ಕಿಂತ ಸಣ್ಣ ಸಂಗತಿಗಳು ಕೈಕೊಡುತ್ತವೆ. ಲೈಕರ್ಟ್ ಮಾದರಿಯ, ಅಂದರೆ ಪೂರ್ತಿ ಒಪ್ಪಿಗೆಯಿಂದ ಪೂರ್ತಿ ವಿರೋಧದವರೆಗಿನ ಐದು ಮೆಟ್ಟಿಲಿನಲ್ಲಿ ನಡುವಿನದಕ್ಕೆ "ಪರವಾಗಿಲ್ಲ" ಎಂದು ಹಾಕಿದರೆ ಹಲವರು ಅದನ್ನು "ಒಪ್ಪುತ್ತೇನೆ" ಎಂದೇ ಓದುತ್ತಾರೆ. "ಒಪ್ಪಿಗೆಯೂ ಇಲ್ಲ, ವಿರೋಧವೂ ಇಲ್ಲ" ಎಂದು ಉದ್ದವಾಗಿಯೇ ಬರೆಯಿರಿ. "ಅಪರಿಚಿತರನ್ನು ನಂಬಬಾರದು" ಎಂಬ ನಿಷೇಧ ವಾಕ್ಯದ ಎದುರು "ಇಲ್ಲ" ಎಂದು ಗುರುತು ಹಾಕಿದವರು ನಂಬುತ್ತಾರೋ ನಂಬುವುದಿಲ್ಲವೋ? ಅವರಿಗೇ ಗೊತ್ತಿರುವುದಿಲ್ಲ. ಎಲ್ಲಕ್ಕೂ ಹೌದು ಎನ್ನುವ ಅಭ್ಯಾಸವನ್ನು ಹಿಡಿಯಲು ತಿರುವು ವಾಕ್ಯಗಳು, ಅಂದರೆ ಎದುರು ದಿಕ್ಕಿನ ಅರ್ಥದವು, ಬೇಕು ನಿಜ. ಅವನ್ನು "ಇಲ್ಲ, ಬಾರದು" ಹಚ್ಚಿ ಮಾಡದೆ "ಅಪರಿಚಿತರ ಮಾತನ್ನು ಅನುಮಾನದಿಂದ ನೋಡುವುದು ಒಳ್ಳೆಯದು" ಎಂದು ಮಾಡಿ.

ಗೌರವವಾಚಕ ಇನ್ನೂ ಸೂಕ್ಷ್ಮ. "ದಾರಿಯಲ್ಲಿ ಒಬ್ಬ ಬಿದ್ದಿದ್ದಾನೆ" ಎಂದರೆ ಕುಡಿದವನ ಚಿತ್ರ ಬರುತ್ತದೆ. "ಒಬ್ಬರು ಬಿದ್ದಿದ್ದಾರೆ" ಎಂದರೆ ಹಿರಿಯರ ಚಿತ್ರ. ಎರಡು ಆವೃತ್ತಿಯ ಪ್ರಶ್ನಾವಳಿಯಲ್ಲಿ ಒಂದರಲ್ಲಿ "ಬಿದ್ದಿದ್ದಾನೆ", ಇನ್ನೊಂದರಲ್ಲಿ "ಬಿದ್ದಿದ್ದಾರೆ" ನುಸುಳಿದರೆ ನೀವು ಅರಿಯದೆಯೇ ಎರಡನೆಯ ಸ್ವತಂತ್ರ ಚಲಕವೊಂದನ್ನು ಸೇರಿಸಿದಿರಿ. ಅನುವಾದವನ್ನು ಮೂಲ ನೋಡದ ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತರಿಸಿ ಹೋಲಿಸುವ ಕ್ರಮ ವಾಕ್ಯದೋಷಗಳನ್ನು ಹಿಡಿಯುತ್ತದೆ, ಇದನ್ನು ಹಿಡಿಯುವುದಿಲ್ಲ: ಇಂಗ್ಲಿಷಿಗೆ ಹೋದಾಗ ಎರಡೂ ಒಂದೇ ಆಗಿಬಿಡುತ್ತವೆ. ಐದಾರು ಜನರನ್ನು ಕೂರಿಸಿ "ಇದನ್ನು ಓದಿದಾಗ ಯಾರು ಕಣ್ಣಮುಂದೆ ಬಂದರು?" ಎಂದು ಕೇಳುವುದೊಂದೇ ದಾರಿ. ಮೈಸೂರಿನವರನ್ನಷ್ಟೇ ಕೇಳಿ ಕಲಬುರಗಿಗೂ ಅದೇ ಕಳಿಸಬೇಡಿ.

ಕುಟುಂಬದ ಆರ್ಥಿಕ ಸ್ಥಿತಿ ಕೇಳುವಾಗ ಹಲವರು ಕುಪ್ಪುಸ್ವಾಮಿ ಅಳತೆಪಟ್ಟಿ ಬಳಸುತ್ತಾರೆ. ಶಿಕ್ಷಣ, ವೃತ್ತಿ, ಆದಾಯ ಮೂರರಿಂದ ಅಂಕ ಕೂಡಿಸುವುದು. ಅದು ಪಟ್ಟಣದ ಕುಟುಂಬಗಳಿಗೆ ಮಾಡಿದ್ದು, ಆದಾಯದ ಮೆಟ್ಟಿಲುಗಳನ್ನು ಬೆಲೆಯೇರಿಕೆಗೆ ತಕ್ಕಂತೆ ಪರಿಷ್ಕರಿಸಿದ ಆವೃತ್ತಿಯನ್ನೇ ತೆಗೆದುಕೊಳ್ಳಬೇಕು. ಹಳೆಯ ಮೆಟ್ಟಿಲು ಹಾಕಿದರೆ ನಿಮ್ಮ ಮಾದರಿಯ ಬಹುಪಾಲು ಮನೆಗಳು ಆದಾಯದ ಮೇಲ್ತುದಿಗೆ ಹೋಗಿ ಕೂರುತ್ತವೆ.

ವರದಿಯಲ್ಲಿ

ಈ ವಿನ್ಯಾಸ ಏನನ್ನು ಹೇಳಲಾರದು ಎಂಬುದಕ್ಕೆ ಒಂದು ಪೂರ್ತಿ ಪ್ಯಾರಾ ಇಡಿ. ಪೆನ್ನು ಬಿದ್ದದ್ದು ಯಾರಿಗೂ ಅಸ್ಪಷ್ಟವಲ್ಲ, ಹಾಗಾಗಿ "ಏನೂ ಆಗಿಲ್ಲವೇನೋ" ಎಂಬ ವಿವರಣೆ ಇಲ್ಲಿ ಪರೀಕ್ಷೆಗೇ ಬಂದಿಲ್ಲ. ಆದರೆ ಹೊಣೆ ಹಂಚಿಹೋದದ್ದೋ, ಇಬ್ಬರು ಸುಮ್ಮನಿದ್ದದ್ದನ್ನು ನೋಡಿ ಅನುಕರಿಸಿದ್ದೋ, ಎರಡೂ ಇಲ್ಲಿ ಕಲಸಿಹೋಗಿವೆ. ಬಿಡಿಸಬೇಕಾದರೆ ಮೂರನೆಯ ಸ್ಥಿತಿ ಬೇಕು: ಸಹಚರರು ಇಯರ್‌ಫೋನ್ ಹಾಕಿ ಬೆನ್ನು ತಿರುಗಿಸಿ ನಿಂತಿರಬೇಕು, ಅವರಿಗೆ ಪೆನ್ನು ಬಿದ್ದದ್ದೇ ಗೊತ್ತಿಲ್ಲವೆಂದು ದಾರಿಹೋಕರಿಗೆ ಕಾಣಬೇಕು. ಪೆನ್ನಿನಿಂದ ಹಾರಿ ರಸ್ತೆ ಅಪಘಾತಕ್ಕೆ, ಬೀದಿ ಜಗಳಕ್ಕೆ ತೀರ್ಪು ಕೊಡಬೇಡಿ. ಆಮ್‌ಸ್ಟರ್‌ಡಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ ಸಿಸಿಟಿವಿಯಲ್ಲಿ ದಾಖಲಾದ 219 ಬೀದಿ ಜಗಳಗಳನ್ನು ಫಿಲ್‌ಪಾಟ್ ಮತ್ತು ಜೊತೆಗಾರರು ನೋಡಿದಾಗ ಹತ್ತರಲ್ಲಿ ಒಂಬತ್ತರಲ್ಲಿ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು.

ಬಿಟ್ಟ ಸುತ್ತುಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ: ಲಕೋಟೆಯ ಸಂಖ್ಯೆ, ಬಿಟ್ಟ ಕಾರಣ, ಫಲ ನೋಡುವ ಮೊದಲು ಬಿಟ್ಟದ್ದೋ ನಂತರವೋ. ಪೆನ್ನು ಬೀಳುವ ಮೊದಲೇ ಕೆಟ್ಟ ಸುತ್ತಿನ ಲಕೋಟೆಯನ್ನು ಮುಂದಿನವರಿಗೆ ಬಳಸಬಹುದು. ಬಿದ್ದ ಮೇಲೆ, ಎತ್ತಲಿಲ್ಲವೆಂದು ಕಂಡ ಮೇಲೆ, "ಅವರು ಫೋನಿನಲ್ಲಿದ್ದರು" ಎಂದು ಬಿಡುವಂತಿಲ್ಲ. ಫೋನಿನಲ್ಲಿರುವವರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು ಮೊದಲೇ ಕಳಿಸಿದ ಆ ಇಮೇಲಿನಲ್ಲಿರಬೇಕಿತ್ತು.